ನಾಲ್ಕು ಬೆರಳಷ್ಟು ಗಾಜು

"ಮುಟ್ಬೇಡಿ ಅಂದ್ರೆ ಮುಟ್ಬೇಡಿ," ಎಂದ ಪೇದೆ.

"ಮುಟ್ಟದೆ ಮೋಟಾರು ನೋಡೋಕೆ ನಾನೇನು ಕಣಿ ಹೇಳೋಳಾ?"

ನಾನು ಬಾಗಿಲ ಹಿಡಿಯ ಹಿಂದಿನ ತಿರುಪು ಬಿಚ್ಚಿದೆ. ಠಾಣೆಯ ಹಿತ್ತಿಲಲ್ಲಿ, ಮುರಿದ ಸ್ಕೂಟರುಗಳ ರಾಶಿಯ ಪಕ್ಕ ನಿಂತಿದ್ದ ಆ ಬೂದು ಕಾರು ಬೆಳಿಗ್ಗೆ ಹನ್ನೊಂದಕ್ಕೇ ಕಾದ ಹೆಂಚಾಗಿತ್ತು. ಇನ್‌ಸ್ಪೆಕ್ಟರ್ ನನಗೆ ಕೊಟ್ಟದ್ದು ಒಂದೇ ಗಂಟೆ. ಹನ್ನೆರಡರೊಳಗೆ ಈ ಕಾರಿನ ಹಿಂದಿನ ಎಡಗಡೆ ಗಾಜು ಕೆಟ್ಟಿತ್ತು ಎಂದು ನಾನು ತೋರಿಸಬೇಕು. ತೋರಿಸದಿದ್ದರೆ ಆ ಕೂಡಲೇ ನನ್ನ ತಮ್ಮನನ್ನು ಕೊಲೆಗಾರನೆಂದು ಕೋರ್ಟಿಗೆ ಒಯ್ಯುತ್ತಾರೆ.

ನಿನ್ನೆ ಮಧ್ಯಾಹ್ನ ಇದೇ ಹಿಂದಿನ ಸೀಟಿನಲ್ಲಿ, ಮುಚ್ಚಿದ ಕಾರಿನೊಳಗೆ, ಡ್ರೈವರ್ ಆಗಿರುವ ತಮ್ಮನ ಯಜಮಾನರು ಬಿಸಿಲಿಗೆ ಬೆಂದು ಸತ್ತರು. ಎಂಬತ್ತರ ಮೇಲಿನ ವಯಸ್ಸು, ಸೊಂಟದ ಮೂಳೆ ಮುರಿದು ಕೂಡಿಸಿದ್ದು, ಕೂತಲ್ಲಿಂದ ಸರಿಯಲಾಗದು. ಮರೆವು ಬೇರೆ. ಒಮ್ಮೆ ಓಡುವ ಕಾರಿನ ಬಾಗಿಲು ತೆಗೆದಿದ್ದರಂತೆ, ಅಂದಿನಿಂದ ಹಿಂದಿನ ಎರಡೂ ಬಾಗಿಲಿಗೆ ಚೈಲ್ಡ್ ಲಾಕ್. ಒಳಗಿನಿಂದ ತೆಗೆಯಲು ಬರುವುದಿಲ್ಲ.

ತಮ್ಮ ಹೇಳಿದ್ದು ಇಷ್ಟು. ರೇಡಿಯೋ ಕೇಳಲಿ ಎಂದು ಚಾವಿ ತಿರುಗಿಸಿ ಕಾರಿನಲ್ಲೇ ಬಿಟ್ಟು, ಗಾಳಿಗೆಂದು ಅವರ ಪಕ್ಕದ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ಔಷಧಿ ತರಲು ಹೋದ. ಅಂಗಡಿಯಲ್ಲಿ ನಲವತ್ತು ನಿಮಿಷ ಹಿಡಿಯಿತು. ಬಂದು ನೋಡಿದರೆ ಗಾಜು ಪೂರ್ತಿ ಮೇಲೇರಿತ್ತು. ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದ, ಅಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ಸ್ವಿಚ್ ಒತ್ತಿ ನೋಡಿದರು. ಇಳಿಸು ಎಂದರೆ ಇಳಿಯಿತು, ಏರಿಸು ಎಂದರೆ ಏರಿತು. ಮುಗಿಯಿತಲ್ಲ. ಸಾಲದ್ದಕ್ಕೆ ಒಂದು ವಾರ ಮೊದಲೇ ಯಜಮಾನರು ಮನೆಯವರೆಲ್ಲರ ಮುಂದೆ "ಮುಂದಿನ ತಿಂಗಳಿಂದ ಬರಬೇಡ" ಎಂದು ಇವನಿಗೆ ಹೇಳಿದ್ದರು. ಯಜಮಾನರ ಮಗಳು ಅದನ್ನೇ ದೂರಿನಲ್ಲಿ ಬರೆದು ಕೊಟ್ಟಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇನ್ನೇನು ಬೇಕು?

ನನ್ನ ತಮ್ಮ ಕೊಲೆ ಮಾಡುವವನಲ್ಲ. ಅಮ್ಮ ಹೋದಾಗ ಅವನಿಗೆ ಐದು ವರ್ಷ. ಅನ್ನ ಕಲಸಿ ತಿನ್ನಿಸಿದ್ದು ನಾನು, ಎಡಗೈಯಲ್ಲಿ ಬರೆಯುತ್ತಾನೆ ಎಂದು ಮೇಷ್ಟ್ರು ಹೊಡೆದಾಗ ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಜಗಳ ತೆಗೆದವಳೂ ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ. ಕಾರುಗಳ ವೈರಿಂಗ್ ಮಾಡುವ ನನ್ನನ್ನು ಬೀದಿಯವರು ಫ್ಯೂಸಕ್ಕ ಎಂದು ಕರೆಯುವುದು ಕೆಲಸಕ್ಕೋ ಕೋಪಕ್ಕೋ, ಅವರಿಗೇ ಗೊತ್ತು.

ಮೊದಲು ನಾನೂ ಸ್ವಿಚ್ ಒತ್ತಿದೆ. ಇಳಿಸುವ ಕಡೆಗೆ ಒತ್ತಿದರೆ ಗಾಜು ಸುಂಯ್ ಎಂದು ಇಳಿಯಿತು. ಎತ್ತಿದರೆ ಏರಿತು.

"ನಾನು ಹೇಳ್ಲಿಲ್ವಾ?" ಎಂದ ಪೇದೆ.

"ನೀವು ಹೇಳೋದನ್ನ ಹೇಳಿ ಆಯ್ತಲ್ಲ, ಈಗ ಆ ಸ್ಕ್ರೂಡ್ರೈವರ್ ಕೊಡಿ."

ಬಾಗಿಲ ಒಳಹಲಗೆಯನ್ನು ಕಿತ್ತೆ. ಅದರ ಹಿಂದೆ ನೀರು ತಡೆಯಲು ಕಪ್ಪು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದರ ಕೆಳಗಿನ ಮೂಲೆಯನ್ನು ಯಾರೋ ಎಬ್ಬಿಸಿ ಮತ್ತೆ ಒತ್ತಿದ್ದರು. ಗೋಂದು ದಾರವಾಗಿ ಎಳೆದು ನಿಂತಿತ್ತು. ಧೂಳಿನ್ನೂ ಕೂತಿರಲಿಲ್ಲ. ಅಂದರೆ ಹೊಸ ಕೈವಾಡ.

ಹಾಳೆ ಸರಿಸಿದೆ. ಮೋಟಾರಿಗೆ ಹೋಗುವ ಎರಡು ವೈರುಗಳನ್ನು ಕತ್ತರಿಸಿ, ಕೆಂಪನ್ನು ಕಪ್ಪಿಗೆ, ಕಪ್ಪನ್ನು ಕೆಂಪಿಗೆ ಜೋಡಿಸಿದ್ದರು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

"ಏನಾಯ್ತು?" ಎಂದ ಪೇದೆ.

"ಇಲ್ನೋಡಿ. ಈ ಮೋಟಾರಿಗೆ ಎರಡೇ ವೈರು. ಅದಲುಬದಲು ಮಾಡಿದ್ರೆ ಮೋಟಾರು ಉಲ್ಟಾ ತಿರುಗುತ್ತೆ. ಇಲ್ಲಿ ಅದಲುಬದಲು ಮಾಡಿದಾರೆ, ಆದ್ರೂ ಗಾಜು ಸರಿಯಾಗಿ ಓಡ್ತಿದೆ. ಅಂದ್ರೆ ಏನರ್ಥ?"

ಅವನು ತಲೆ ಕೆರೆದುಕೊಂಡ.

"ಮುಂಚೆ ಉಲ್ಟಾ ಓಡ್ತಿತ್ತು ಅಂತ. ಇಳಿಸೋಕೆ ಒತ್ತಿದ್ರೆ ಏರ್ತಿತ್ತು. ಆಮೇಲೆ ಯಾರೋ ಬಂದು ಸರಿ ಮಾಡಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಚ್ಚಿಟ್ಟು ಹೋಗಿದಾರೆ."

ಬಾಗಿಲಿನ ಸ್ವಿಚ್ಚನ್ನು ಕಿತ್ತು, ಮೇಲಿನ ಮುಚ್ಚಳ ತೆಗೆದೆ. ಒಳಗೆ ಏರಿಸುವ ಕಡೆಯ ತಾಮ್ರ ಹೊಳೆಯುತ್ತಿತ್ತು. ಇಳಿಸುವ ಕಡೆಯದು ಸುಟ್ಟು ಕರಕಲಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಗುಳ್ಳೆ ಎದ್ದಿತ್ತು. ಗಾಜು ಹೋಗಬೇಕಾದಷ್ಟು ಹೋಗಿ ನಿಂತ ಮೇಲೂ ಬೆರಳು ತೆಗೆಯದೆ ಒತ್ತುತ್ತಲೇ ಇದ್ದರೆ ಮಾತ್ರ ಹೀಗಾಗುವುದು.

ಆ ಮುದುಕರಿಗೆ ಸೆಕೆಯಾಗಿದೆ. ನಾಲ್ಕು ಬೆರಳು ಸಾಲದು, ಇನ್ನಷ್ಟು ಇಳಿಯಲಿ ಎಂದು ಒತ್ತಿದ್ದಾರೆ. ಗಾಜು ಏರಿದೆ. ಇನ್ನೂ ಜೋರಾಗಿ ಒತ್ತಿದ್ದಾರೆ. ಪೂರ್ತಿ ಮುಚ್ಚಿದೆ. ಮೋಟಾರು ಕಾದು ಸ್ತಬ್ಧವಾಗುವ ತನಕ ಒತ್ತಿದ್ದಾರೆ. ಗಾಳಿ ಬೇಕು ಎಂದು ಒತ್ತಿ ಒತ್ತಿ ಇದ್ದ ಗಾಳಿಯನ್ನೂ ಕಳೆದುಕೊಂಡಿದ್ದಾರೆ. ನನ್ನ ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೂ ಸಿಟ್ಟು ಬಂತು. ಇದನ್ನು ಮಾಡಿದವನು ನನ್ನ ಕೈಗೆ ಸಿಗಲಿ ಎಂದುಕೊಂಡೆ.

ಆಗ ನೋಡಿದೆ ವೈರು ಜೋಡಿಸಿದ ಆ ಜಾಯಿಂಟನ್ನು, ಸರಿಯಾಗಿ.

ಅದಕ್ಕೆ ಅಂಗಡಿಯಲ್ಲಿ ಸಿಗುವ ಟೇಪು ಸುತ್ತಿರಲಿಲ್ಲ. ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಏರಿಸಿ, ಮೇಲೆ ಮೇಣದ ದಾರ ಬಿಗಿದಿದ್ದರು. ಬಾಗಿಲಿನ ಕಾವಿಗೆ ಟೇಪು ಬಿಟ್ಟುಕೊಳ್ಳುತ್ತದೆ, ಟ್ಯೂಬು ಬಿಡುವುದಿಲ್ಲ. ಇದು ನನ್ನ ಮೇಸ್ತ್ರಿ ಕಲಿಸಿದ ಪಾಠ. ಹೀಗೆ ಜಾಯಿಂಟ್ ಹಾಕುವವರು ಮೂರೇ ಜನ. ಮೇಸ್ತ್ರಿ, ನಾನು, ಡ್ರೈವರ್ ಆಗುವ ಮುಂಚೆ ಎರಡು ವರ್ಷ ಅವರ ಶೆಡ್ಡಿನಲ್ಲಿದ್ದ ನನ್ನ ತಮ್ಮ.

ನಾನು ಹಾಕಿಲ್ಲ. ತನ್ನನ್ನು ಉಳಿಸುವ ಸಾಕ್ಷಿಯನ್ನು ತಮ್ಮ ತಾನೇ ಅಳಿಸುತ್ತಾನೆಯೇ? ಉಳಿದವರು ಒಬ್ಬರೇ.

ಮೋಟಾರನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ಗ್ರೀಸ್ ಒರೆಸಿದರೆ ಬೋಲ್ಟ್ ಕೂರುವ ಕಿವಿಯ ಪಕ್ಕ ನನ್ನದೇ ಗುರುತು. ಹಳೆಯ ಮೋಟಾರುಗಳಿಗೆ ಹೊಸ ಕಾರ್ಬನ್ ಹಾಕಿ ಜೀವ ಕೊಟ್ಟು ಮೇಸ್ತ್ರಿಗೆ ಕಳಿಸುವವಳು ನಾನೇ. ಈ ಮಾದರಿಯ ಕಾರಿನಲ್ಲಿ ಎಡಗಡೆ ಬಲಗಡೆ ಮೋಟಾರುಗಳು ಅವಳಿ ಮಕ್ಕಳು, ತಿರುಗುವುದು ಮಾತ್ರ ಉಲ್ಟಾ. ಅದಕ್ಕೇ ಮೊಳೆಯಿಂದ ಚುಕ್ಕಿ ಹೊಡೆಯುತ್ತೇವೆ. ಎಡಕ್ಕೆ ಎರಡು, ಬಲಕ್ಕೆ ಮೂರು.

ಇದರಲ್ಲಿ ಮೂರಿದ್ದವು. ಎಡಗಡೆ ಬಾಗಿಲಿಗೆ ಬಲಗಡೆ ಮೋಟಾರು.

ಫೋನ್ ತೆಗೆದೆ. "ಮೇಸ್ತ್ರಿ, ಎಲ್ಲಿದೀರೋ ಅಲ್ಲಿಂದ ಹೊರಟು ಠಾಣೆಗೆ ಬನ್ನಿ. ನೀವು ಬರದಿದ್ರೆ ನಾನೇ ಬರ್ತೀನಿ, ಅದು ನಿಮಗೆ ಒಳ್ಳೇದಲ್ಲ."

ಅವರು ಯಾಕೆ ಎಂದು ಕೇಳಲಿಲ್ಲ.

ಕಾಲು ಗಂಟೆಯಲ್ಲಿ ಆಟೋದಲ್ಲಿ ಬಂದಿಳಿದರು. ಎಣ್ಣೆ ಹತ್ತಿದ ಟೋಪಿ, ಕೈಯಲ್ಲಿ ಕೊಡೆಯ ಕೋಲು. ಹಿತ್ತಿಲ ಮೆಟ್ಟಿಲ ಬಳಿ ನಿಂತು ಕೋಲಿನಿಂದ ನೆಲ ತಟ್ಟಿ ನೋಡಿ ಇಳಿದರು. ಪೇದೆ ನನ್ನ ಕಿವಿಯ ಹತ್ತಿರ ಬಂದ.

"ಇವ್ರನ್ನ ನಾನು ನಿನ್ನೆ ಆಸ್ಪತ್ರೇಲಿ ನೋಡಿದೀನಿ. ಐದು ಗಂಟೆಗೆ ನಿಮ್ಮ ತಮ್ಮನ್ನ ಹಿಡಿಯೋಕೆ ಹೋದಾಗ. ಅವ್ನು ಒಳಗೆ ಬೆಂಚ್ ಮೇಲಿದ್ದ. ಇವ್ರು ಹೊರಗೆ ಈ ಕಾರಿನ ಪಕ್ಕಾನೇ ಕೂತಿದ್ರು."

ಬೆಂಕಿಗೆ ಎಣ್ಣೆ ಸುರಿದಂತಾಯಿತು.

"ಬನ್ನಿ ಮೇಸ್ತ್ರಿ," ಎಂದೆ. "ಶಿಷ್ಯನ್ನ ಜೈಲಿಗೆ ಕಳ್ಸಿ ನಿದ್ದೆ ಚೆನ್ನಾಗಿ ಬಂತಾ?"

"ನಿದ್ದೆ ಬಂದಿಲ್ಲ ಮಗಳೇ."

"ಮಗಳೇ ಗಿಗಳೇ ಬೇಡ. ಈ ಗಾಡಿಗೆ ಮೋಟಾರು ಹಾಕಿದ್ದು ಯಾರು?"

"ನಾನೇ. ಯಜಮಾನರು ಹೋಗೋಕೆ ಮೂರು ದಿನ ಮುಂಚೆ. ನಿನ್ನ ತಮ್ಮ ಗಾಡಿ ತಂದಿದ್ದ. ಅಕ್ಕನ ಹತ್ರ ಹೋದ್ರೆ ಬೈತಾಳೆ ಅಂದ."

"ಬೈಸ್ಕೊಂಡಿದ್ರೆ ಒಂದು ಜೀವ ಉಳೀತಿತ್ತು." ಮೋಟಾರನ್ನು ಅವರ ಕೈಗೆ ತುರುಕಿದೆ. "ಎಣಿಸಿ. ಎಷ್ಟು ಚುಕ್ಕಿ?"

ಅವರು ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ. ಹೆಬ್ಬೆರಳಿನಿಂದ ಸವರಿದರು. "ಎರಡು."

"ಸರಿಯಾಗಿ ನೋಡಿ ಹೇಳಿ."

ಮತ್ತೆ ಸವರಿದರು. "ಎರಡೇ."

ಕಿತ್ತುಕೊಂಡು ನೋಡಿದೆ. ಮೂರನೆಯ ಚುಕ್ಕಿಯ ಗುಳಿಯಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿ ಕೂತು ಸಮ ಆಗಿತ್ತು. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ನನಗೆ ಏನೋ ಹೊಳೆಯಿತು. ಚೀಲದಿಂದ ಒಂದು ತುಂಡು ಕೆಂಪು ವೈರು ತೆಗೆದು ಅವರ ಮುಖದ ಮುಂದೆ ಹಿಡಿದೆ.

"ಇದ್ಯಾವ ಬಣ್ಣ?"

ಮೇಸ್ತ್ರಿ ಟೋಪಿ ಸರಿಸಿಕೊಂಡರು.

"ನಡುಮಧ್ಯಾಹ್ನದ ಬಿಸಿಲಲ್ಲಿ ಕೇಳ್ತಿದೀನಿ ಮೇಸ್ತ್ರಿ. ಯಾವ ಬಣ್ಣ?"

"ಕಪ್ಪು," ಎಂದರು.

ಪೇದೆ ಒಂದು ಹೆಜ್ಜೆ ಹಿಂದೆ ಸರಿದ.

"ಎಷ್ಟು ದಿನ ಆಯ್ತು?"

"ಬಣ್ಣ ಹೋಗಿ ಒಂದು ವರ್ಷ. ಆಕಾರ ಕಾಣುತ್ತೆ, ನೆರಳಿನ ಥರ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಯಾರು ಗಾಡಿ ಕೊಡ್ತಾರೆ? ಶೆಡ್ಡು ಬಿಟ್ರೆ ನಂಗೆ ಇನ್ನೆಲ್ಲಿ ಹೊತ್ತು ಹೋಗುತ್ತೆ?"

"ಹೊತ್ತು ಹೋಗಲ್ಲ ಅಂತ ಜನರ ಗಾಡಿ ಮುಟ್ಟೋದಾ?"

"ಕಿವಿ ಇತ್ತಲ್ಲ ಮಗಳೇ. ಗಾಜು ಸಿಗಿಸೋಕೆ ಮುಂಚೆ ಕರೆಂಟ್ ಕೊಟ್ಟು ನೋಡಿದೆ. ಒತ್ತಿದೆ, ಓಡ್ತು. ಎತ್ತಿದೆ, ಓಡ್ತು. ಎರಡೂ ಕಡೆ ಶಬ್ದ ಸರಿ ಇತ್ತು."

"ಶಬ್ದ ಸರಿ ಇತ್ತು," ಎಂದೆ. "ಆ ಮನುಷ್ಯ ಸತ್ತಿದ್ದು ನಿಮಗೆ ಕೇಳಿಸ್ತಾ? ನೀವೇ ಕಲ್ಸಿದ್ದಲ್ವಾ ನಂಗೆ, ಕೈ ಹೇಳಿದ್ದನ್ನ ಕಣ್ಣು ಒಪ್ಪೋ ತನಕ ಬಾಗಿಲು ಮುಚ್ಚಬಾರದು ಅಂತ? ಬರೀ ಬಾಯಿಪಾಠನಾ ಅದು? ತಪ್ಪಾಯ್ತು, ಹಾಳಾಗ್ಲಿ, ಮುದುಕರು ಅಂತ ಬಿಡ್ಬಹುದು. ಆದ್ರೆ ಆಮೇಲೆ ಕಳ್ಳನ ಹಾಗೆ ಆಸ್ಪತ್ರೆಗೆ ಹೋಗಿ, ವೈರು ಕತ್ತರಿಸಿ ಜೋಡಿಸಿ, ಇವನ ತಲೆ ಮೇಲೆ ಹಾಕಿದ್ರಲ್ಲ, ಅದನ್ನ ಹೆಂಗೆ ಬಿಡ್ಲಿ?"

ಮೇಸ್ತ್ರಿ ಕೋಲನ್ನು ಬಾನೆಟ್ಟಿಗೆ ಒರಗಿಸಿದರು.

"ಆಸ್ಪತ್ರೆಗೆ ಹೋಗಿದ್ದು ನಿಜ. ನನ್ನ ಕೈಯಿಂದಾನೇ ಏನಾದ್ರೂ ಆಯ್ತಾ ಅಂತ ಕೇಳೋಕೆ. ವೈರು ಕತ್ತರಿಸಿಲ್ಲ."

"ಜಾಯಿಂಟ್ ಇಲ್ಲೇ ಇದೆ. ಟ್ಯೂಬು, ಮೇಣದ ದಾರ. ಇನ್ಯಾರ ಕೈ ಇದು?"

"ಕೆಂಪು ಯಾವ್ದು ಕಪ್ಪು ಯಾವ್ದು ಅಂತ ಗೊತ್ತಿಲ್ಲದವನು ಕೆಂಪನ್ನ ಕಪ್ಪಿಗೆ ಹೆಂಗಮ್ಮ ಕಟ್ತಾನೆ?"

ಹೌದಲ್ಲ. ಒಂದು ವೈರಿನ ಬಣ್ಣ ಹೇಳಲಾಗದವರು ಬಾಗಿಲಿನ ಕತ್ತಲಲ್ಲಿ ಎರಡು ವೈರು ಹುಡುಕಿ ಅದಲುಬದಲು ಮಾಡುವುದುಂಟೇ? ಕುಂಬಳಕಾಯಿ ಕಳ್ಳನನ್ನು ಹಿಡಿದೆ ಎಂದು ಇಷ್ಟು ಹೊತ್ತು ಕೂಗಾಡಿದ್ದೆ.

"ಎಲ್ಲಿ, ಕೈಗೆ ಕೊಡು," ಎಂದರು ಮೇಸ್ತ್ರಿ.

ಅವರ ಬೆರಳು ಹಿಡಿದು ಬಾಗಿಲಿನೊಳಗೆ ಜಾಯಿಂಟಿನ ಮೇಲೆ ಇಟ್ಟೆ. ಅವರು ಟ್ಯೂಬನ್ನು ಉಗುರಿನಿಂದ ಹಿಂದೆ ಸರಿಸಿ, ತಾಮ್ರದ ಹೊಸೆತವನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು, ಮತ್ತೊಂದು ಸಲ ಸವರಿದರು. ಆಮೇಲೆ ಕೈ ಹಿಂದೆ ತೆಗೆದು ಅಂಗಿಗೆ ಒರೆಸಿಕೊಂಡರು.

"ಹೇಳಿ."

"ಬೇಡ ಬಿಡು."

"ಹೇಳಿ ಅಂದೆ."

"ನಾನು ಹೊಸೆದ್ರೂ ನೀನು ಹೊಸೆದ್ರೂ ಎಳೆ ಬಲಕ್ಕೆ ಸುತ್ತುತ್ತೆ. ಇದು ಎಡಕ್ಕೆ ಸುತ್ತಿದೆ." ಅವರ ದನಿ ಇಳಿಯಿತು. "ಎಡಗೈ ಮಗಳೇ. ಅವನನ್ನ ತಿದ್ದೋಕೆ ಎರಡು ವರ್ಷ ಬಡಿದಾಡಿದ್ದೆ ನಾನು."

ಬಗ್ಗಿ ನೋಡಿದೆ. ಎಡಕ್ಕೆ ಸುತ್ತಿತ್ತು. ನಾನು ಇದನ್ನು ಮೊದಲೇ ನೋಡಬೇಕಿತ್ತು. ಸಿಟ್ಟಿನ ಭರದಲ್ಲಿ ಟ್ಯೂಬು ನೋಡಿದೆ, ದಾರ ನೋಡಿದೆ, ಹೊಸೆತ ನೋಡಲಿಲ್ಲ.

"ನಿಮ್ಮನ್ನ ಉಳ್ಸೋಕೆ ಮಾಡಿರ್ತಾನೆ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನಿಮ್ಮ ಕಣ್ಣು ಹೋಗಿದ್ದು ಗೊತ್ತಾಗಿ, ಗುರುಗಳು ಸಿಕ್ಕಿ ಬೀಳ್ತಾರೆ ಅಂತ ಮಾಡಿರ್ತಾನೆ. ದಡ್ಡ. ಅವನು ಹಂಗೇನೇ."

ಮೇಸ್ತ್ರಿ ತಲೆ ಆಡಿಸಲಿಲ್ಲ. ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಗಾಜು ಕೂರಿಸಿದ ಮೇಲೆ ಒತ್ತಿ ನೋಡಿದ್ದು ನಾನಲ್ಲ. ನಂಗೆ ಕಾಣಲ್ಲವಲ್ಲ. ಅವನೇ ಒಳಗೆ ಕೂತು ಒತ್ತಿದ. ಎರಡು ಸಲ ಒತ್ತಿದ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, ಸರಿಯಿದೆ ಮೇಸ್ತ್ರಿ, ಬಾಗಿಲು ಮುಚ್ಚಿ ಅಂದ."

ಪೇದೆ ಗೇಟಿನ ಕಡೆ ನೋಡುತ್ತಿದ್ದ. ನನ್ನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಎರಡು ಕಡೆ ಚಕ್ ಎಂದು ಕತ್ತರಿಸಿ, ಆ ಜಾಯಿಂಟನ್ನು ಜೇಬಿಗೆ ಹಾಕಿ, ಕೆಂಪನ್ನು ಕೆಂಪಿಗೆ ಕಟ್ಟಿಬಿಟ್ಟರೆ ಸಾಕು. ಗಾಜು ಉಲ್ಟಾ ಓಡುತ್ತದೆ. ಮೋಟಾರು ತಪ್ಪು ಹಾಕಿದ್ದರು, ಅಷ್ಟೇ, ಆಕಸ್ಮಿಕ ಎಂದು ಹೇಳಬಹುದು. ತಪ್ಪು ಹೊರಲು ಮೇಸ್ತ್ರಿ ತಯಾರಾಗಿಯೇ ನಿಂತಿದ್ದರು. ಅವರ ಮುಖದಲ್ಲೇ ಅದು ಕಾಣುತ್ತಿತ್ತು.

ಪ್ಲೇಯರಿನ ಬಾಯನ್ನು ವೈರಿಗೆ ತಾಗಿಸಿದೆ. ಕಣ್ಣ ಮುಂದೆ ಆ ಸುಟ್ಟ ತಾಮ್ರವೇ ಬಂತು. ಕೈ ಮುಚ್ಚಲಿಲ್ಲ.

"ಹನ್ನೆರಡಾಯ್ತಮ್ಮ," ಎಂದು ಹಿಂದಿನಿಂದ ಇನ್‌ಸ್ಪೆಕ್ಟರ್ ಹೇಳಿದರು.

ನೆಗಡಿಯಾಗಿದ್ದ ಮನುಷ್ಯ, ಮೂಗಿಗೆ ಕರ್ಚೀಫು ಒತ್ತಿಕೊಂಡೇ ಬಗ್ಗಿ ನೋಡಿದರು. ನಾನು ಸುಟ್ಟ ಸ್ವಿಚ್ಚನ್ನು ತೋರಿಸಿದೆ. ಮೋಟಾರಿನ ಮೂರು ಚುಕ್ಕಿ ತೋರಿಸಿದೆ. ಜಾಯಿಂಟಿನ ಬಗ್ಗೆ, ಆಮೇಲೆ ಯಾರೋ ಅದಲುಬದಲು ಮಾಡಿದ್ದಾರೆ ಎಂದಷ್ಟೇ ಹೇಳಿದೆ. ಯಾರು ಎಂದು ಹೇಳಲಿಲ್ಲ. ಅವರು ನಡುವೆ ಒಂದೂ ಮಾತಾಡದೆ ಕೇಳಿದರು. ಅಷ್ಟು ಚೆನ್ನಾಗಿ ಕೇಳುವವರನ್ನು ಕಂಡರೆ ನನಗೆ ಭಯ.

"ಅಂದ್ರೆ ನಿನ್ನೆ ಇಳಿಸೋ ಕಡೆ ಒತ್ತಿದ್ರೆ ಗಾಜು ಏರ್ತಿತ್ತು."

"ಹೌದು ಸಾರ್."

"ಇಳೀಬೇಕು ಅಂದ್ರೆ ಏರಿಸೋ ಕಡೆ ಎತ್ಬೇಕಿತ್ತು."

"ಹೌದು."

"ಪಾಪ, ಅವ್ರಿಗೆ ಅದು ಗೊತ್ತಿರ್ಲಿಲ್ಲ."

"ಹೆಂಗೆ ಗೊತ್ತಿರುತ್ತೆ ಸಾರ್? ವಯಸ್ಸಾದವರು."

ಅವರು ಕರ್ಚೀಫು ಮಡಚಿ ಜೇಬಿಗೆ ಹಾಕಿದರು. "ನಾಲ್ಕು ಬೆರಳು ಗಾಜು ಇಳಿಸಿ ಹೋದೆ ಅಂತ ನಿಮ್ಮ ತಮ್ಮ ಮೂರು ಸಲ ಬರ್ಕೊಟ್ಟಿದ್ದಾನೆ. ಎಲ್ಲಾದ್ರಲ್ಲೂ ನಾಲ್ಕೇ ಬೆರಳು. ಅವನು ಹೆಂಗಿಳಿಸಿದ?"

ನಾಲ್ಕು ಬೆರಳು ಇಳಿಸಿದವನಿಗೆ ಸ್ವಿಚ್ ಉಲ್ಟಾ ಇದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಆ ಮುದುಕರನ್ನು ಅದರ ಮುಂದೆ ಕೂರಿಸಿ ಹೋಗಿದ್ದ.

ಅದೇ ಹೊತ್ತಿಗೆ ಲಾಕಪ್ಪಿನ ಬಾಗಿಲು ಕಿರ್ರ್ ಎಂದಿತು. ಕೋರ್ಟಿಗೆಂದು ಇಬ್ಬರು ಪೇದೆಗಳು ನನ್ನ ತಮ್ಮನನ್ನು ಜೀಪಿನ ಕಡೆ ಕರೆತರುತ್ತಿದ್ದರು. ಎರಡು ದಿನದ ಗಡ್ಡ, ಮುದುಡಿದ ಅಂಗಿ. ನಾನು ಅಡ್ಡ ಹೋಗಿ ನಿಂತೆ.

"ಯಾವ ಕಡೆ ಒತ್ತಿದೆ?" ಎಂದೆ. "ನನ್ನ ಮುಖ ನೋಡಿ ಹೇಳು. ಗಾಜು ಇಳಿಸೋಕೆ ಯಾವ ಕಡೆ ಒತ್ತಿದೆ?"

ಅವನು ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಾಚೆ, ಹಲಗೆ ಕಿತ್ತ ಬಾಗಿಲನ್ನು ನೋಡಿದ. ಅಲ್ಲಿ ನೇತಾಡುತ್ತಿದ್ದ ಎರಡು ವೈರು ನೋಡಿದ. ಕೋಳ ಹಾಕಿದ್ದ ಎಡಗೈ ತಾನಾಗಿಯೇ ಮುಷ್ಟಿಯಾಯಿತು.

"ಅಕ್ಕ," ಎಂದ, "ಆ ಬಾಗಿಲು ಬಿಚ್ಚು ಅಂತ ನಿಂಗ್ಯಾರು ಹೇಳಿದ್ದು?"